ಕಾರವಾರದ ಕಡಲಿಗೆ ಎಂಥ ಸ್ಪ್ರೇ ಸ್ಕರ್ಟ್: ನೈಲಾನ್, ನಿಯೋಪ್ರೀನ್ ಮತ್ತು ಎರಡರ ಬೆರಕೆ

ಹುಬ್ಬಳ್ಳಿ-ಧಾರವಾಡದಲ್ಲಿ ಸ್ವಂತ ಕಡಲ ಕಯಾಕ್ ಇಟ್ಟುಕೊಂಡವರು ಬೆರಳೆಣಿಕೆಯಷ್ಟು. ಬೆಳಗಿನ ಜಾವ ಕಾರಿನ ಮೇಲೆ ದೋಣಿ ಕಟ್ಟಿಕೊಂಡು, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲೆಯ ಮೇಲೆ ಕಾರವಾರ ಸೇರುವ ನಮ್ಮಂಥ ಚಿಕ್ಕ ಬಳಗಗಳಲ್ಲಿ ಹೊಸಬರು ಬಂದಾಗಲೆಲ್ಲ ದೋಣಿ, ಹುಟ್ಟು, ಲೈಫ್ ಜಾಕೆಟ್ಟುಗಳ ಮಾತು ಬೇಗನೆ ಮುಗಿಯುತ್ತದೆ. ಸೊಂಟಕ್ಕೆ ತೊಟ್ಟು, ದೋಣಿಯ ಬಾಯಿಗೆ ನೀರು ನುಗ್ಗದಂತೆ ಮುಚ್ಚುವ ಸ್ಪ್ರೇ ಸ್ಕರ್ಟಿನ ಮಾತು ಮಾತ್ರ ಮುಗಿಯುವುದಿಲ್ಲ. ನಮ್ಮ ಊರಿನ ಯಾವ ಅಂಗಡಿಯಲ್ಲೂ ಇದನ್ನು ಕೈಯಲ್ಲಿ ಹಿಡಿದು, ಎಳೆದು, ತೊಟ್ಟು ನೋಡಿ ಕೊಳ್ಳುವ ಅನುಕೂಲವಿಲ್ಲದಿರುವುದು ಅದಕ್ಕೆ ಮುಖ್ಯ ಕಾರಣ. ಬಳಗದಲ್ಲಿ ಮೂರೂ ಬಗೆಯ ಸ್ಕರ್ಟುಗಳಿವೆ, ಮೂರನ್ನೂ ನಾನು ತೊಟ್ಟು ಕಡಲಿಗೆ ಇಳಿದಿದ್ದೇನೆ. ಆದ್ದರಿಂದ ಕೊಳ್ಳಬೇಕೆಂದಿರುವವರಿಗೆ ನೆರವಾಗುವಂತೆ ಅವುಗಳ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಉತ್ತರ ಕನ್ನಡದ ಬೆಚ್ಚಗಿನ ಕಡಲಿಗೆ ದೋಣಿಯ ಬಾಯಿ ಮುಚ್ಚುವ ಹಾಸು ನಿಯೋಪ್ರೀನ್ ಎಂಬ ಕೃತಕ ರಬ್ಬರಿನದೂ ಸೊಂಟದ ಭಾಗ ನೈಲಾನಿನದೂ ಆಗಿರುವ ಬೆರಕೆ ಸ್ಕರ್ಟು ಮಿಕ್ಕೆರಡಕ್ಕಿಂತ ಚೆನ್ನಾಗಿ ಹೊಂದುತ್ತದೆ. ಆದರೆ ಬಟ್ಟೆ ಯಾವುದು ಎಂದು ವಿಚಾರಿಸುವುದಕ್ಕೆ ಮೊದಲು, ಮಗುಚಿದ ದೋಣಿಯಲ್ಲಿ ಅದು ನಿಮ್ಮ ಕೈಯಿಂದ ಕಳಚಿ ಬರುತ್ತದೆಯೇ ಎಂಬುದನ್ನು ನೋಡಬೇಕು.

ಕಡಲತೀರದ ರೆಸಾರ್ಟುಗಳಲ್ಲಿ ಬಾಡಿಗೆಗೆ ಕೊಡುವ ಪ್ಲಾಸ್ಟಿಕ್ ದೋಣಿಗಳ ಮೇಲೆ ಕುಳಿತು ಹುಟ್ಟು ಹಾಕಿದವರಿಗೆ ಈ ವಸ್ತುವಿನ ಪರಿಚಯ ಇರಲಾರದು. ಆ ದೋಣಿಗಳಲ್ಲಿ ನಾವು ಮೇಲೆ ಕೂರುತ್ತೇವೆ, ಬಂದ ನೀರು ತೂತುಗಳಿಂದ ತಾನೇ ಇಳಿದುಹೋಗುತ್ತದೆ. ನಿಜವಾದ ಕಡಲ ಕಯಾಕಿನಲ್ಲಿ ಕಾಲು ಚಾಚಿ ದೋಣಿಯ ಒಳಗೇ ಕೂರಬೇಕು. ನಾವು ಇಳಿಯುವ ಆ ಬಾಯಿಯೇ ಕಾಕ್‌ಪಿಟ್; ಅದರ ಸುತ್ತ ಎದ್ದು ನಿಂತ, ಹೊರಕ್ಕೆ ಮಡಚಿದ ಅಂಚೊಂದಿರುತ್ತದೆ. ಸ್ಪ್ರೇ ಸ್ಕರ್ಟಿನ ಮೇಲ್ಭಾಗವು ನಮ್ಮ ಸೊಂಟವನ್ನು ಸುತ್ತಿಕೊಳ್ಳುತ್ತದೆ, ಕೆಳಗಿನ ಅಗಲವಾದ ಹಾಸು ಕಾಕ್‌ಪಿಟ್ಟಿನ ಬಾಯಿಯನ್ನು ಮುಚ್ಚುತ್ತದೆ, ಹಾಸಿನ ಅಂಚಿನಲ್ಲಿ ಹೊಲಿದ ಎಲಾಸ್ಟಿಕ್ ಹುರಿಯು ದೋಣಿಯ ಅಂಚಿನ ಕೆಳಗೆ ಕಚ್ಚಿಕೊಳ್ಳುತ್ತದೆ. ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಬೇಟೆಗಾರರು ಇದೇ ಕೆಲಸಕ್ಕೆ ಸೀಲ್ ಚರ್ಮದ ಉಡುಪುಗಳನ್ನು ಹೊಲಿದುಕೊಳ್ಳುತ್ತಿದ್ದರು. ಎದೆಯ ತನಕ ಬರುವ ಅಕುಯಿಲಿಸಾಕ್, ತಲೆ ಮತ್ತು ತೋಳುಗಳನ್ನೂ ಮುಚ್ಚುವ ತುಯಿಲಿಕ್ ಎಂಬ ಆ ಎರಡು ಮಾದರಿಗಳ ವಂಶಕ್ಕೇ ಇಂದಿನ ಸ್ಕರ್ಟುಗಳೂ ಸೇರಿವೆ. ಹೆಪ್ಪುಗಟ್ಟುವ ನೀರಿನಲ್ಲಿ ಅವರಿಗೆ ಅದು ಜೀವ ಉಳಿಸುವ ಬಟ್ಟೆಯಾಗಿತ್ತು. ನಮ್ಮ ಕಡಲಿನಲ್ಲಿ ಚಳಿಯ ಭಯವಿಲ್ಲ, ಕಾರವಾರದ ನೀರು ವರ್ಷವಿಡೀ ಬೆಚ್ಚಗೇ ಇರುತ್ತದೆ. ಆದರೂ ಸ್ಕರ್ಟು ಬೇಕು, ಏಕೆಂದರೆ ಕಾಕ್‌ಪಿಟ್ಟಿಗೆ ನುಗ್ಗಿದ ನೀರಿಗೆ ಭಾರವಿದೆ. ನೂರು ಲೀಟರ್ ನೀರು ಒಳಗೆ ಬಂದರೆ ನೂರು ಕಿಲೋಗೂ ತುಸು ಹೆಚ್ಚಿನ ಭಾರ ದೋಣಿಗೆ ಬಿದ್ದಂತೆ. ಆ ಭಾರ ಒಂದೆಡೆ ನಿಲ್ಲದೆ, ದೋಣಿ ವಾಲಿದ ಕಡೆಗೇ ಹರಿದು ಅದನ್ನು ಇನ್ನಷ್ಟು ವಾಲಿಸುತ್ತದೆ.

ಮಧ್ಯಾಹ್ನದ ಹೊತ್ತಿಗೆ ಕಾಳಿ ನದಿಯ ಮುಖದಲ್ಲಿ ಹುಟ್ಟು ಹಾಕಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಇಳಿತದ ಸಮಯದಲ್ಲಿ ನದಿಯ ನೀರು ಹೊರಕ್ಕೆ ಹರಿಯುತ್ತಿರುತ್ತದೆ, ಪಡುವಣದಿಂದ ಕಡಲಗಾಳಿ ಒಳಕ್ಕೆ ಬೀಸುತ್ತಿರುತ್ತದೆ, ಎರಡೂ ಎದುರಾದಲ್ಲಿ ಗಿಡ್ಡನೆಯ, ಕಡಿದಾದ ಅಲೆಗಳು ಒಂದರ ಹಿಂದೊಂದು ಏಳುತ್ತವೆ. ಬೆಳಿಗ್ಗೆ ಕನ್ನಡಿಯಂತಿದ್ದ ದೇವಬಾಗದ ಕಡೆಯ ನೀರೇ ಎರಡು ಗಂಟೆಯ ಸುಮಾರಿಗೆ ಮಡಿಲ ಮೇಲೆ ಮುರಿಯತೊಡಗುತ್ತದೆ. ಸ್ಕರ್ಟಿನ ಯೋಗ್ಯತೆಯನ್ನು ಅಳೆಯಬೇಕಾದುದು ಅಂಥ ನೀರಿನಲ್ಲಿ.

ಸ್ಕರ್ಟಿನ ಮುಂತುದಿಯಲ್ಲಿ ಒಂದು ಪಟ್ಟಿಯ ಕುಣಿಕೆ ಇರುತ್ತದೆ, ಗ್ರ್ಯಾಬ್ ಲೂಪ್ ಎನ್ನುತ್ತಾರೆ. ದೋಣಿ ಮಗುಚಿದಾಗ ಮುಂದಕ್ಕೆ ಬಾಗಿ, ಆ ಲೂಪನ್ನು ಹಿಡಿದು, ಮೊದಲು ದೋಣಿಯ ಮೂತಿಯ ಕಡೆಗೆ ಚಾಚಿ, ಅನಂತರ ದೋಣಿಯಿಂದ ಆಚೆಗೆ ಎಳೆದರೆ ಹುರಿ ಅಂಚಿನಿಂದ ಜಾರಿ ಸ್ಕರ್ಟು ಬಿಚ್ಚಿಕೊಳ್ಳುತ್ತದೆ. ಮುಂದಕ್ಕೆ ಚಾಚದೆ ನೇರವಾಗಿ ನಮ್ಮ ಕಡೆಗೆ ಎಳೆದರೆ ಹುರಿ ಅಂಚಿಗೆ ಇನ್ನಷ್ಟು ಬಿಗಿಯುತ್ತದೆ. ಕೊಳ್ಳುವಾಗ ನಾನು ಮೊದಲು ಪರೀಕ್ಷಿಸುವುದು ಈ ಲೂಪನ್ನೇ. ನಾಲ್ಕು ಬೆರಳೂ ಒಳಗೆ ಹೋಗುವಷ್ಟು ದೊಡ್ಡದಿರಬೇಕು. ಒದ್ದೆಯಾದಾಗ ಹಾಸಿಗೆ ಅಂಟಿಕೊಂಡು ಮಲಗದೆ ಎದ್ದು ನಿಲ್ಲುವಷ್ಟು ಗಡುಸಾಗಿರಬೇಕು. ಹೊಲಿಗೆ ಒಂದೇ ಸಾಲಿನದಾಗಿರದೆ ಹಾಸಿನ ಒಳಗೂ ಹೊರಗೂ ಹಿಡಿದಿರಬೇಕು. ಬಣ್ಣ ಹಾಸಿನ ಬಣ್ಣಕ್ಕಿಂತ ಬೇರೆಯಾಗಿ ಎದ್ದು ಕಾಣಬೇಕು. ಕೆಲವು ತಯಾರಕರು ಲೂಪಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಗುಂಡೊಂದನ್ನು ಪೋಣಿಸುತ್ತಾರೆ. ಕಣ್ಣಿಗೆ ಉಪ್ಪುನೀರು ತುಂಬಿ, ತಲೆ ಕೆಳಗಾಗಿ ತೂಗುತ್ತಿರುವವರ ಕೈಗೆ ಆ ಗುಂಡು ಥಟ್ಟನೆ ಸಿಗುತ್ತದೆ. ನೋಡಲು ಅಂದವಿಲ್ಲವೆಂದು ಅದನ್ನು ತೆಗೆದುಹಾಕುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬಾರದು. ಇನ್ನು, ಸ್ಕರ್ಟು ತೊಡಿಸುವಾಗ ಲೂಪು ಹಾಸಿನ ಅಡಿಗೆ ಮಡಚಿ ಒಳಗೆ ಸೇರಿಕೊಂಡರೆ ಎಷ್ಟು ಬೆಲೆಯ ಸ್ಕರ್ಟಾದರೂ ಬಲೆಯೇ ಆದೀತು. ನಮ್ಮ ಬಳಗದಲ್ಲಿ ದೋಣಿ ನೀರಿಗಿಳಿಯುವ ಮುನ್ನ ಪ್ರತಿಯೊಬ್ಬರೂ ಪಕ್ಕದವರ ಲೂಪನ್ನು ಕೈಯಿಂದ ಮುಟ್ಟಿ ನೋಡುವ ರೂಢಿ ಇದೆ. ಲೂಪು ಸಿಗದಿದ್ದರೆ ಏನು ಮಾಡಬೇಕೆಂಬುದೂ ಕೊಳ್ಳುವಾಗಲೇ ಗೊತ್ತಿರಬೇಕು: ಸೊಂಟದ ಪಕ್ಕದಲ್ಲಿ ಹಾಸನ್ನು ಮುಷ್ಟಿಯಲ್ಲಿ ಹಿಡಿದು ಅಂಚಿನಾಚೆಗೆ ಎಳೆಯಬೇಕು, ಇಲ್ಲವೇ ಮೊಣಕಾಲನ್ನು ಒಳಗಿನಿಂದ ಮೇಲಕ್ಕೊತ್ತಬೇಕು. ಇವೆರಡಕ್ಕೂ ಜಗ್ಗದಷ್ಟು ಬಿಗಿಯಾದ ಸ್ಕರ್ಟು ಕಡಲಯಾನಕ್ಕೆ ಬೇಡ.

ಅದಾದ ಮೇಲೆ ಅಳತೆ. ಒಂದೇ ಉದ್ದದ ಎರಡು ದೋಣಿಗಳ ಕಾಕ್‌ಪಿಟ್ಟು ಒಂದೇ ಅಳತೆಯದಾಗಿರುವುದಿಲ್ಲ. ಹಳೆಯ ಮಾದರಿಯ ಕಡಲ ಕಯಾಕುಗಳಲ್ಲಿ ಬಾಯಿ ಚಿಕ್ಕದಾಗಿ, ಹೆಚ್ಚುಕಡಿಮೆ ದುಂಡಗಿರುತ್ತದೆ. ಈಗಿನವುಗಳಲ್ಲಿ ಬೀಗದ ಕಿಂಡಿಯ ಆಕಾರದ ಉದ್ದನೆಯ ಬಾಯಿಯೇ ಹೆಚ್ಚು. ಅಳೆಯುವಾಗ ಅಂಚಿನ ಒಳಮೈಯಿಂದಲ್ಲ, ಹೊರಕ್ಕೆ ಮಡಚಿದ ತುಟಿಯ ಹೊರಮೈಯಿಂದ ಹೊರಮೈಗೆ ಉದ್ದ ಮತ್ತು ಅಗಲಗಳನ್ನು ತೆಗೆದುಕೊಳ್ಳಬೇಕು, ಆಮೇಲೆ ದರ್ಜಿಯ ಟೇಪಿನಿಂದ ತುಟಿಯ ಸುತ್ತಳತೆಯನ್ನೂ ಬರೆದಿಟ್ಟುಕೊಳ್ಳಬೇಕು. ಉದ್ದ ಅಗಲ ಒಂದೇ ಇದ್ದರೂ ಆಕಾರ ಬೇರೆಯಾದರೆ ಸುತ್ತಳತೆ ಬದಲಾಗುತ್ತದೆ, ಹುರಿಗೆ ಬೇಕಾದುದು ಸುತ್ತಳತೆಯೇ. ಅಮೆರಿಕದ ಸೀಲ್ಸ್ ಕಂಪನಿಯ ಹಾಸಿನ ಅಳತೆಗಳು 1.4, 1.7, 2.2 ಎಂಬಂಥ ಅಂಕಿಗಳಲ್ಲಿರುತ್ತವೆ. ಅವು ಇಂಚೂ ಅಲ್ಲ, ಸೆಂಟಿಮೀಟರೂ ಅಲ್ಲ. ಆ ಕಂಪನಿಯ ಪಟ್ಟಿಯಲ್ಲಿ ನಿಮ್ಮ ದೋಣಿಯ ಮಾದರಿಯನ್ನು ಹುಡುಕಿ ಅದರ ಮುಂದಿರುವ ಅಂಕಿಯನ್ನು ಆರಿಸಿಕೊಳ್ಳಬೇಕು. ಬೇರೆ ಕಂಪನಿಗಳು ತಮ್ಮದೇ ಅಕ್ಷರಗಳನ್ನೂ ಹೆಸರುಗಳನ್ನೂ ಇಟ್ಟುಕೊಂಡಿವೆ, ಒಂದರ ಅಳತೆಯನ್ನು ಇನ್ನೊಂದಕ್ಕೆ ಹೋಲಿಸುವಂತಿಲ್ಲ. ಎಲ್ಲ ದೋಣಿಗಳಿಗೂ ಒಂದೇ ಅಳತೆ ಸಾಕು ಎಂದು ಮಾರುವ ಸ್ಕರ್ಟುಗಳಿಂದ ದೂರವಿರುವುದೇ ಮೇಲು.

ದೋಣಿ ಯಾವುದರಿಂದ ಮಾಡಿದ್ದು ಎಂಬುದೂ ಇಲ್ಲಿ ಗಣನೆಗೆ ಬರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ಪಾಲಿಥೀನ್ ದೋಣಿಗಳ ಅಂಚು ದಪ್ಪವಾಗಿ, ದುಂಡಗೆ, ನುಣುಪಾಗಿರುತ್ತದೆ. ಸಡಿಲವಾದ ಹುರಿ ಅದರ ಮೇಲಿಂದ ಜಾರುತ್ತದೆ. ಫೈಬರಿನ ದೋಣಿಗಳ ತುಟಿ ತೆಳ್ಳಗೆ, ಚೂಪಾಗಿ ಇರುವುದರಿಂದ ಹುರಿ ಚೆನ್ನಾಗಿ ಕಚ್ಚುತ್ತದೆ, ಆದರೆ ಅದೇ ಚೂಪು ನಿಯೋಪ್ರೀನನ್ನು ದಿನೇದಿನೇ ಕೊರೆಯುತ್ತದೆ. ಫೈಬರ್ ದೋಣಿ ಇರುವವರು ಅಂಚಿನ ಸುತ್ತ ಕೆವ್ಲಾರ್ ಅಥವಾ ಅಂಥದೇ ಗಟ್ಟಿ ಬಟ್ಟೆಯ ಪಟ್ಟಿ ಹಚ್ಚಿದ ಸ್ಕರ್ಟನ್ನೇ ಕೇಳಬೇಕು.

ಇನ್ನು ಬಗೆಗಳ ವಿಚಾರ. ನೈಲಾನ್ ಸ್ಕರ್ಟು ಎಲ್ಲಕ್ಕಿಂತ ಅಗ್ಗ, ಹಗುರ. ಮಡಚಿದರೆ ಒಂದು ಟವೆಲಿನಷ್ಟು ಜಾಗದಲ್ಲಿ ಕೂರುತ್ತದೆ. ಒಳಮೈಗೆ ಪಾಲಿಯುರೆಥೇನ್ ಲೇಪನವಿದ್ದು ನೀರು ತಡೆಯುತ್ತದೆ. ಅಂಚಿನ ಹುರಿಯನ್ನು ಎಳೆದು ಗಂಟು ಹಾಕಿ ಬಿಗಿ ಹೆಚ್ಚುಕಡಿಮೆ ಮಾಡಿಕೊಳ್ಳಬಹುದಾದ್ದರಿಂದ ಅಳತೆಯಲ್ಲಿ ತುಸು ಏರುಪೇರಾದರೂ ನಡೆಯುತ್ತದೆ. ತೊಡುವುದಕ್ಕೂ ಕಳಚುವುದಕ್ಕೂ ಬಲ ಬೇಕಿಲ್ಲ, ಹೊಸಬರು ಹೆದರದೆ ಕಲಿಯುತ್ತಾರೆ. ಇದರ ಕೊರತೆಯೆಲ್ಲ ಇರುವುದು ಹಾಸಿನಲ್ಲಿ. ಮನೆಯ ಅಂಗಳದಲ್ಲಿ ಎರಡು ಹಳೆಯ ಟೈರುಗಳ ಮೇಲೆ ದೋಣಿ ಇಟ್ಟು, ಒಳಗೆ ಕುಳಿತು, ನೈಲಾನ್ ಸ್ಕರ್ಟು ತೊಟ್ಟು, ಒಂದು ಬಕೆಟ್ ನೀರನ್ನು ಮಡಿಲ ಮೇಲೆ ಸುರಿಸಿಕೊಂಡರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಬಟ್ಟೆ ನಡುವೆ ಕುಸಿದು, ತೊಡೆಗಳ ನಡುವೆ ಗುಂಡಿಯಾಗಿ, ನೀರು ಅಲ್ಲಿಯೇ ನಿಲ್ಲುತ್ತದೆ. ಒಂದು ಗಳಿಗೆಯಾದ ಮೇಲೆ ಸೊಂಟ ಮತ್ತು ಹಾಸು ಕೂಡುವ ಹೊಲಿಗೆಯ ಸಾಲಿನಲ್ಲಿ ಮುತ್ತಿನಷ್ಟು ಸಣ್ಣ ಹನಿಗಳು ಮೂಡಿ, ಒಂದಕ್ಕೊಂದು ಕೂಡಿ, ಪ್ಯಾಂಟಿನ ಮೇಲೆ ತೊಟ್ಟಿಕ್ಕತೊಡಗುತ್ತವೆ. ಹೊಲಿಗೆಯ ಮೇಲೆ ಒಳಗಿನಿಂದ ಟೇಪು ಅಂಟಿಸಿದ ಸ್ಕರ್ಟಿನಲ್ಲಿ ಈ ತೊಟ್ಟಿಕ್ಕುವಿಕೆ ನಿಲ್ಲುತ್ತದೆ, ಗುಂಡಿ ಮಾತ್ರ ಹಾಗೆಯೇ ಉಳಿಯುತ್ತದೆ. ಹಾಸಿನ ಅಡಿಯಲ್ಲಿ ಅಡ್ಡಲಾಗಿ ಬಾಗಿದ ಕಡ್ಡಿಯೊಂದನ್ನು ಕೂಡಿಸಿ ಬಟ್ಟೆಯನ್ನು ಗುಡಾರದಂತೆ ಎತ್ತಿ ನಿಲ್ಲಿಸುವ ಮಾದರಿಗಳಿವೆ. ಅವುಗಳಲ್ಲಿ ಚಿಮ್ಮಿದ ನೀರು ಎರಡೂ ಬದಿಗೆ ಇಳಿದುಹೋಗುತ್ತದೆ. ಕಾಳಿಯ ಹಿನ್ನೀರು, ಕಾಂಡ್ಲಾ ಗಿಡಗಳ ನಡುವಿನ ಕಾಲುವೆಗಳು, ಅಘನಾಶಿನಿಯ ಅಳಿವೆಯ ಶಾಂತ ನೀರು, ಇಷ್ಟಕ್ಕೇ ನಿಲ್ಲುವವರಿಗೆ ಇಂಥ ನೈಲಾನ್ ಸ್ಕರ್ಟು ಸಾಕು, ಹೆಚ್ಚು ಹಣ ಸುರಿಯಬೇಕಾಗಿಲ್ಲ. ಆದರೆ ಮರಳಿನ ದಂಡೆಗೆ ಅಲೆಗಳ ನಡುವೆ ದೋಣಿ ತರುವಾಗ ಒಂದು ದೊಡ್ಡ ಅಲೆ ನೇರವಾಗಿ ಮಡಿಲಿಗೆ ಬಿದ್ದರೆ ನೈಲಾನಿನ ಹಾಸು ಒಳಕ್ಕೆ ಕುಸಿದು ಅಂಚಿನಿಂದ ಕಿತ್ತುಬರುತ್ತದೆ, ಮರುಕ್ಷಣವೇ ಕಾಕ್‌ಪಿಟ್ಟು ತುಂಬುತ್ತದೆ. ಸ್ಕರ್ಟು ನಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಗಳಿಗೆ ಅದೇ ಆದ್ದರಿಂದ ತೆರೆದ ಕಡಲಿಗೆ ಇದನ್ನು ನಾನು ಶಿಫಾರಸು ಮಾಡಲಾರೆ.

ನಿಯೋಪ್ರೀನ್ 1930ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಕೃತಕ ರಬ್ಬರು. ಸ್ಕರ್ಟಿಗೆ ಬಳಸುವುದು ಅದರ ನೊರೆಯಂಥ ರೂಪ. ಒಳಗೆ ಲಕ್ಷಾಂತರ ಅನಿಲಗುಳ್ಳೆಗಳು, ಎರಡೂ ಮೈಗೆ ತೆಳುವಾದ ಬಟ್ಟೆ, ಒಟ್ಟು ದಪ್ಪ ಸಾಮಾನ್ಯವಾಗಿ 3ರಿಂದ 4 ಮಿಲಿಮೀಟರ್. ಇದು ಹಿಗ್ಗಿ ಅಂಚಿಗೆ ತೊಟ್ಟುಕೊಳ್ಳುವುದರಿಂದ ಹಾಸು ಬಿಗಿಯಾಗಿ ನಿಲ್ಲುತ್ತದೆ. ಅದೇ ಬಕೆಟ್ ನೀರು ಸುರಿದರೆ ಒಂದು ಹನಿಯೂ ನಿಲ್ಲದೆ ಇಳಿದುಹೋಗುತ್ತದೆ. ಅಲೆ ಬಿದ್ದರೆ ಒಂದಿಷ್ಟು ತಗ್ಗಿ ಮತ್ತೆ ಮೇಲೇಳುತ್ತದೆ. ಒಳ್ಳೆಯ ಸ್ಕರ್ಟಿನಲ್ಲಿ ತುಂಡುಗಳನ್ನು ಮೊದಲು ಅಂಟಿನಿಂದ ಕೂಡಿಸಿ, ಆಮೇಲೆ ಸೂಜಿಯು ಆರಪಾರ ಹೋಗದಂತೆ ಅರ್ಧ ದಪ್ಪದಲ್ಲಿಯೇ ಹೊಲಿಗೆ ಹಾಕಿರುತ್ತಾರೆ. ಹಾಗಾಗಿ ಹೊಲಿಗೆಯಿಂದ ನೀರು ಒಸರುವುದಿಲ್ಲ. ಒಳಮೈಯನ್ನು ತಿರುವಿ ನೋಡಿದಾಗ ಹೊರಮೈಯ ಹೊಲಿಗೆ ಒಳಗೆ ಕಾಣದಿದ್ದರೆ ಕೆಲಸ ಚೊಕ್ಕಟವಾಗಿದೆ ಎಂದು ತಿಳಿಯಬಹುದು. ಬೆಲೆ ನೈಲಾನಿನ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹೊರದೇಶದಿಂದ ತರಿಸಿದರೆ ಸಾಗಣೆ ಮತ್ತು ಸುಂಕ ಬೇರೆ.

ಪೂರ್ಣ ನಿಯೋಪ್ರೀನ್ ಸ್ಕರ್ಟನ್ನು ಹೊಗಳುವ ಬರಹಗಳೆಲ್ಲ ಬಹುಮಟ್ಟಿಗೆ ಬ್ರಿಟನ್, ನಾರ್ವೆ, ಕೆನಡಾದಂಥ ತಣ್ಣೀರಿನ ಸೀಮೆಯವು. ಅಲ್ಲಿ ಸೊಂಟವನ್ನು ಬೆಚ್ಚಗಿಡುವುದು ದೊಡ್ಡ ಗುಣ, ಇಲ್ಲಿ ಅದೇ ದೊಡ್ಡ ತೊಂದರೆ. ಫೆಬ್ರುವರಿಯ ಕೊನೆಯ ಹೊತ್ತಿಗೇ ಹತ್ತು ಗಂಟೆಯ ಬಿಸಿಲಿಗೆ ಕಪ್ಪು ಹಾಸು ಕಾದು, ಒಳಗೆ ಗಾಳಿಯಾಡದೆ, ಸೊಂಟದ ಸುತ್ತ ಬಿಗಿದ ರಬ್ಬರಿನ ಪಟ್ಟಿಯಡಿ ಬೆವರು ಹೊರಬರಲು ದಾರಿಯಿಲ್ಲದೆ ಇಳಿಯುತ್ತಿರುತ್ತದೆ. ದಡ ಸೇರಿ ಕಳಚಿದಾಗ ಹೊಟ್ಟೆಯ ಸುತ್ತ ಕೆಂಪಗೆ ಬೆವರುಸಾಲೆ ಎದ್ದಿರುತ್ತದೆ, ಅದರ ಮೇಲೆ ಉಪ್ಪುನೀರು ತಾಗಿದರೆ ಉರಿ. ಇದನ್ನು ಬರಿಯ ಸುಖದ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. ಬೆವರಿ ಬಳಲಿದವರು ನೀರು ಕುಡಿಯುವುದನ್ನು ಮರೆಯುತ್ತಾರೆ, ಗಾಳಿ ಏಳುವ ಹೊತ್ತಿಗೆ ತೋಳು ಸೋತಿರುತ್ತದೆ, ಹುಟ್ಟಿನ ಹೊಡೆತ ತಪ್ಪುತ್ತದೆ. ಸೊಂಟ ಬಿಗಿಯಾದಷ್ಟೂ ಮೈ ತಿರುಗಿಸಿ ಹುಟ್ಟು ಹಾಕುವುದೂ ಕಷ್ಟ. ಕಯಾಕಿನಲ್ಲಿ ಬಲ ಬರುವುದು ತೋಳಿನಿಂದಲ್ಲ, ಸೊಂಟದ ತಿರುವಿನಿಂದ.

ಬೆರಕೆ ಸ್ಕರ್ಟಿನ ಹೆಚ್ಚುಗಾರಿಕೆ ಇಲ್ಲಿದೆ. ಹಾಸು ನಿಯೋಪ್ರೀನಿನದು, ಆದ್ದರಿಂದ ಅಲೆಗೆ ಕುಸಿಯುವುದಿಲ್ಲ. ಸೊಂಟದಿಂದ ಎದೆಯ ತನಕ ಏರುವ ಭಾಗ ನೈಲಾನಿನದು, ಆದ್ದರಿಂದ ಸಡಿಲವಾಗಿ, ಹಗುರವಾಗಿ ಮೈಮೇಲೆ ನಿಲ್ಲುತ್ತದೆ. ಭುಜದ ಮೇಲಿನ ಪಟ್ಟಿಗಳು ಅದನ್ನು ಎತ್ತಿ ಹಿಡಿಯುತ್ತವೆ. ಮೇಲಂಚಿನ ಹುರಿಯನ್ನು ಅಥವಾ ವೆಲ್ಕ್ರೋ ಪಟ್ಟಿಯನ್ನು ನೀರು ಶಾಂತವಾಗಿದ್ದಾಗ ಸಡಿಲಿಸಿ ಗಾಳಿ ಬಿಟ್ಟುಕೊಳ್ಳಬಹುದು, ನದಿಮುಖ ಹತ್ತಿರವಾದಾಗ ಒಂದೇ ಕೈಯಿಂದ ಎಳೆದು ಬಿಗಿಗೊಳಿಸಬಹುದು. ಸೊಂಟದ ಸುತ್ತಳತೆಯ ವಿಷಯದಲ್ಲಿಯೂ ಇದು ಉದಾರಿ. ನಿಯೋಪ್ರೀನಿನ ಸೊಂಟವನ್ನು ಒಬ್ಬರ ಮೈಗೆ ಸರಿಯಾಗಿ ಕೊಂಡರೆ ಮತ್ತೊಬ್ಬರಿಗೆ ಆಗದು. ಬೆರಕೆಯದನ್ನು ತೆಳ್ಳಗಿನವರೂ ದಪ್ಪಗಿನವರೂ, ಮೇಲೊಂದು ಅಂಗಿ ತೊಟ್ಟವರೂ ಹಂಚಿಕೊಳ್ಳಬಹುದು. ಗಂಡಸರ ಸೊಂಟದ ಅಳತೆಯನ್ನೇ ಮನಸ್ಸಿನಲ್ಲಿಟ್ಟು ಹೊಲಿದಂತಿರುವ ಸ್ಕರ್ಟುಗಳು ಹಲವು. ನಡು ಸಣ್ಣದಾಗಿ ನಿತಂಬ ಅಗಲವಿರುವ ನಮ್ಮ ಬಳಗದ ಗೆಳತಿಯರಿಗೆ ನಿಯೋಪ್ರೀನಿನ ಸೊಂಟ ಒಂದೋ ಮೇಲೇರುವುದೇ ಇಲ್ಲ, ಏರಿದರೆ ನಡುವಿನಲ್ಲಿ ಸಡಿಲವಾಗಿ ನೀರು ಬಿಡುತ್ತದೆ. ಅವರೆಲ್ಲರೂ ಕೊನೆಗೆ ಬೆರಕೆಯನ್ನೇ ಆರಿಸಿಕೊಂಡಿದ್ದಾರೆ. ನೈಲಾನಿನ ಸೊಂಟದಲ್ಲಿ ಮೇಲಿನಿಂದ ಒಂದಿಷ್ಟು ನೀರು ಇಳಿಯುವುದು ನಿಜ, ಮಗುಚಿ ಮೇಲೆದ್ದಾಗ ಕಾಕ್‌ಪಿಟ್ಟಿನ ತಳದಲ್ಲಿ ಅದು ಕಾಣುತ್ತದೆ. ಸ್ಪಂಜಿನಿಂದ ಹೀರಿ ತೆಗೆಯುವಷ್ಟರ ಆ ನೀರಿಗಾಗಿ ದಿನವಿಡೀ ಬೇಯಬೇಕೆಂದು ನನಗನ್ನಿಸುವುದಿಲ್ಲ. ಬ್ರಿಟನ್ನಿನ ರೀಡ್ ಕಂಪನಿಯು ನಿಯೋಪ್ರೀನಿಗೆ ಬದಲಾಗಿ ತೆಳುವಾದ, ಹಿಗ್ಗುವ, ಲೇಪನವಿರುವ ಬಟ್ಟೆಯಲ್ಲಿ ಸ್ಕರ್ಟು ಹೊಲಿಯುತ್ತದೆ. ಹಗುರಾಗಿ, ಬೇಗ ಒಣಗುವ ಅಂಥ ಬಟ್ಟೆಯೂ ನಮ್ಮ ಹವೆಗೆ ಯೋಗ್ಯವೇ.

ಮಾರುವವರ ಜಾಹೀರಾತಿನಲ್ಲಿ ಎಲ್ಲಿಯೂ ಕಾಣದ ಇನ್ನೊಂದು ಪರೀಕ್ಷೆಯನ್ನು ಹೇಳಲೇಬೇಕು. ಕಡಲಿನ ನಡುವೆ ಮಗುಚಿ, ಸ್ಕರ್ಟು ಕಳಚಿ, ಹೊರಬಂದು, ಗೆಳೆಯರ ನೆರವಿನಿಂದ ಮತ್ತೆ ದೋಣಿ ಹತ್ತಿದವರ ಸ್ಥಿತಿಯನ್ನು ಕಲ್ಪಿಸಿಕೊಳ್ಳಿ. ಕಾಕ್‌ಪಿಟ್ಟಿನಲ್ಲಿ ನೀರಿದೆ, ಅಲೆ ಇನ್ನೂ ಬೀಳುತ್ತಿದೆ. ಸ್ಕರ್ಟು ಮತ್ತೆ ತೊಡದೆ ಪಂಪಿನಿಂದ ನೀರು ಎತ್ತಿದರೆ ಎತ್ತಿದಷ್ಟೂ ಒಳಗೆ ಬರುತ್ತದೆ. ಆದ್ದರಿಂದ ಮೊದಲು ಸ್ಕರ್ಟನ್ನು ಬಹುಪಾಲು ತೊಟ್ಟು, ಬದಿಯಲ್ಲಿ ಒಂದು ಸಣ್ಣ ಸಂದು ಬಿಟ್ಟುಕೊಂಡು ಅಲ್ಲಿಂದ, ಇಲ್ಲವೇ ಸೊಂಟದ ಮೇಲಂಚಿನಿಂದ ಪಂಪನ್ನು ಇಳಿಬಿಟ್ಟು ನೀರು ತೆಗೆಯಬೇಕು. ನಡುಗುವ ಕೈಗಳಿಂದ, ಒಬ್ಬರೇ, ಅಲುಗುವ ದೋಣಿಯಲ್ಲಿ ಸ್ಕರ್ಟಿನ ಹಿಂಬದಿಯನ್ನು ಅಂಚಿಗೆ ಸೇರಿಸಿ, ಮೊಣಕೈಗಳಿಂದ ಎರಡೂ ಪಕ್ಕ ಒತ್ತಿ ಹಿಡಿದು, ಮುಂದಿನ ತುದಿಯನ್ನು ಎಳೆದು ತೊಡಿಸಲು ಆಗುತ್ತದೆಯೇ? ಹೊಸ ಪೂರ್ಣ ನಿಯೋಪ್ರೀನ್ ಸ್ಕರ್ಟುಗಳಲ್ಲಿ ಬಹಳಷ್ಟು ಈ ಪರೀಕ್ಷೆಯಲ್ಲಿ ಸೋಲುತ್ತವೆ, ಮುಂದನ್ನು ಎಳೆಯುವಷ್ಟರಲ್ಲಿ ಹಿಂದು ಕಳಚಿರುತ್ತದೆ. ಬೆರಕೆಯವುಗಳಲ್ಲಿ ಹುರಿಯನ್ನು ಬದಲಿಸಿ ಗಂಟು ಹಾಕಬಹುದಾದ ಮಾದರಿ ಗೆಲ್ಲುತ್ತದೆ. ಈಜುಕೊಳದಲ್ಲಿ, ಪಕ್ಕದಲ್ಲಿ ಬಲ್ಲವರೊಬ್ಬರನ್ನು ನಿಲ್ಲಿಸಿಕೊಂಡು, ಕಣ್ಣು ಮುಚ್ಚಿ ಕಳಚುವುದನ್ನೂ ಕುಳಿತಲ್ಲೇ ಮತ್ತೆ ತೊಡುವುದನ್ನೂ ಅಭ್ಯಾಸ ಮಾಡದೆ ಯಾವ ಸ್ಕರ್ಟನ್ನೂ ಕಡಲಿಗೆ ಒಯ್ಯಬಾರದು. ಹೊಸ ನಿಯೋಪ್ರೀನ್ ತೀರಾ ಬಿಗಿಯೆನಿಸಿದರೆ ಒದ್ದೆ ಮಾಡಿ, ಒಂದು ರಾತ್ರಿ ಅಂಚಿಗೆ ತೊಡಿಸಿಟ್ಟರೆ ತಕ್ಕಮಟ್ಟಿಗೆ ಹದಕ್ಕೆ ಬರುತ್ತದೆ.

ಧಾರವಾಡದವರಿಗೆ ದಾಂಡೇಲಿ, ಗಣೇಶಗುಡಿ ಹತ್ತಿರ. ಸೂಪಾ ಅಣೆಕಟ್ಟಿನ ಕೆಳಗೆ ಕಾಳಿಯ ರಭಸದ ನೀರಿನಲ್ಲಿ ರ‍್ಯಾಫ್ಟಿಂಗ್ ಮಾಡಿ ಬಂದವರಲ್ಲಿ ಕೆಲವರು ಅಲ್ಲಿ ಕಯಾಕಿನವರು ತೊಟ್ಟಿದ್ದ ಸ್ಕರ್ಟಿನ ಹೆಸರು ಬರೆದುಕೊಂಡು ಬಂದು, ಅದನ್ನೇ ತರಿಸಬೇಕೆನ್ನುತ್ತಾರೆ. ಬಂಡೆಗಳ ನಡುವಿನ ನದಿಗೆ ಮಾಡಿದ ಸ್ಕರ್ಟಿನ ಅಂಚಿನಲ್ಲಿ ಎಲಾಸ್ಟಿಕ್ ಹುರಿಯ ಬದಲು ದಪ್ಪನೆಯ ರಬ್ಬರಿನ ಬಳೆಯೇ ಇರುವುದುಂಟು. ಸುಳಿಯ ಒತ್ತಡಕ್ಕೂ ಕಳಚದಿರಲಿ ಎಂದು ಅದನ್ನು ಅಷ್ಟು ಬಿಗಿಯಾಗಿ ಮಾಡಿರುತ್ತಾರೆ, ತೊಟ್ಟವರು ಮಗುಚಿದರೆ ಸಾಮಾನ್ಯವಾಗಿ ಹೊರಬರದೆ ದೋಣಿಯೊಂದಿಗೇ ಮೇಲೇಳುವುದನ್ನು ಕಲಿತಿರುತ್ತಾರೆ. ಮಗುಚಿ ಏಳುವುದು ಇನ್ನೂ ಕೈವಶವಾಗದವರಿಗೆ ಅಷ್ಟು ಬಿಗಿ ಅಪಾಯಕಾರಿ. ಅದೂ ಅಲ್ಲದೆ ನದಿಯ ಗಿಡ್ಡ ದೋಣಿಯ ಕಾಕ್‌ಪಿಟ್ಟಿಗೂ ಕಡಲ ದೋಣಿಯದಕ್ಕೂ ಅಳತೆ ಹೊಂದುವುದು ಅಪರೂಪ.

ಜೇಬು, ಜಿಪ್ಪು, ನಕ್ಷೆ ಇಡುವ ಬಲೆ ಮೊದಲಾದ ಹೆಚ್ಚುವರಿಗಳಿಗೆ ಮರುಳಾಗಬೇಕಿಲ್ಲ. ಹಾಸಿನ ಜಿಪ್ಪು ಗಾಳಿಗೆಂದು ಇಟ್ಟದ್ದಾದರೂ ಉಪ್ಪು ಮತ್ತು ಮರಳು ಸೇರಿ ಒಂದು ಋತು ಕಳೆಯುವಷ್ಟರಲ್ಲಿ ಹಲ್ಲು ಕಚ್ಚಿ ನಿಲ್ಲುತ್ತದೆ, ನಿಂತಲ್ಲಿಂದ ನೀರೂ ಬಿಡುತ್ತದೆ.

ದುರಸ್ತಿಯ ಬಗ್ಗೆ ನಮ್ಮ ಊರಿನ ಅನುಭವ ಹೇಳುವಂಥದ್ದು. ನೈಲಾನ್ ಭಾಗ ಹರಿದರೆ ಚಿಂತೆಯಿಲ್ಲ. ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಮುತ್ತ ಬ್ಯಾಗು, ರೆಕ್ಸಿನ್ನು, ತಾಡಪತ್ರಿ ಹೊಲಿಯುವವರಿದ್ದಾರೆ. ಭುಜದ ಪಟ್ಟಿ, ಬಕಲು, ವೆಲ್ಕ್ರೋ ಎಲ್ಲವನ್ನೂ ಅವರು ಚೊಕ್ಕಟವಾಗಿ ಮಾಡಿಕೊಡುತ್ತಾರೆ, ಎಲಾಸ್ಟಿಕ್ ಹುರಿಯೂ ಅದೇ ಪೇಟೆಯಲ್ಲಿ ಸಿಗುತ್ತದೆ. ನಿಯೋಪ್ರೀನಿನ ಸಣ್ಣ ಕೊರೆತವನ್ನು ಮೆಷೀನಿಗೆ ಕೊಡಬಾರದು. ಅಂಥದೊಂದನ್ನು ಒಯ್ದಾಗ ಅಲ್ಲಿಯ ಹಿರಿಯ ದರ್ಜಿಯೊಬ್ಬರು ಬೆರಳಿನಿಂದ ಒತ್ತಿ ನೋಡಿ, "ಇದನ್ನ ಮಿಷನ್ನಿಗೆ ಹಾಕಿದ್ರ ಸೂಜಿ ಸೂಜಿಗೂ ತೂತ ಬೀಳತಾವ್ರಿ, ನೀರ ನಿಲ್ಲಂಗಿಲ್ಲ, ಅಂಟ ಹಚ್ಚಿ ಕೂಡಸ್ರಿ" ಎಂದು ಹೇಳಿ ಹಿಂದಿರುಗಿಸಿದರು. ಕಯಾಕಿನ ಹೆಸರನ್ನೂ ಕೇಳಿರದ ಅವರ ಮಾತು ಸ್ಕರ್ಟು ತಯಾರಿಸುವವರು ಹೇಳುವುದಕ್ಕೆ ಸರಿಯಾಗಿ ಹೊಂದುತ್ತದೆ. ನಿಯೋಪ್ರೀನಿಗೆಂದೇ ಸಿಗುವ ಅಂಟನ್ನು ಕೊರೆತದ ಎರಡೂ ಮೈಗೆ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ ಹಿಡಿದರೆ ಅದು ಗಟ್ಟಿಯಾಗಿ ಕೂಡುತ್ತದೆ. ಗ್ರ್ಯಾಬ್ ಲೂಪಿನ ಹೊಲಿಗೆ ಸಡಿಲವಾದರೆ ಮಾತ್ರ ಯಾವ ದುರಸ್ತಿಯನ್ನೂ ನಂಬಬಾರದು, ತಯಾರಕರಿಗೇ ಕಳುಹಿಸಬೇಕು, ಅದಾಗದಿದ್ದರೆ ಆ ಸ್ಕರ್ಟನ್ನು ಮತ್ತೆ ತೊಡಬಾರದು.

ಜೂನ್ ತಿಂಗಳಿಂದ ಮಳೆಗಾಲ ಹಿಂದೆ ಸರಿಯುವ ತನಕ ನಮ್ಮ ಸ್ಕರ್ಟುಗಳಿಗೆ ಕೆಲಸವಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷಿದ್ಧ, ಅಂಥ ಕಡಲಿಗೆ ಕಯಾಕ್ ಇಳಿಸುವ ಮಾತೇ ಇಲ್ಲ. ಸ್ಕರ್ಟುಗಳು ಹಾಳಾಗುವುದು ಬಳಸುವಾಗಲ್ಲ, ಈ ತಿಂಗಳುಗಳಲ್ಲಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕಪಾಟಿನೊಳಗೆ ಮಡಚಿಟ್ಟ ನೈಲಾನಿಗೆ ಮೊದಲು ಬೂಸು ಹಿಡಿಯುತ್ತದೆ. ಅನಂತರ ತೇವ ಮತ್ತು ಸೆಕೆ ಸೇರಿ ಒಳಮೈಯ ಪಾಲಿಯುರೆಥೇನ್ ಲೇಪನ ಜಿಗಟಾಗಿ, ಮಡಿಕೆ ಮಡಿಕೆಗೆ ಅಂಟಿಕೊಂಡು, ಬಿಡಿಸುವಾಗ ಸಿಪ್ಪೆಯಂತೆ ಸುಲಿದುಬರುತ್ತದೆ. ಒಮ್ಮೆ ಸುಲಿದ ಲೇಪನವನ್ನು ಸರಿಪಡಿಸಲಾಗುವುದಿಲ್ಲ. ಪ್ರತಿ ಸಲವೂ ಕಡಲಿನಿಂದ ಬಂದೊಡನೆ ಸಿಹಿನೀರಿನಲ್ಲಿ, ಹುರಿ ಓಡುವ ಅಂಚಿನ ಮಡಿಕೆಯೊಳಗೂ ನೀರು ಹೋಗುವಂತೆ ತೊಳೆದು, ಎರಡೂ ಮೈ ನೆರಳಿನಲ್ಲಿ ಒಣಗಿಸಬೇಕು. ಬಿಸಿಲು ನಿಯೋಪ್ರೀನನ್ನು ಗಡುಸು ಮಾಡಿ ಬಿರುಕು ಬಿಡಿಸುತ್ತದೆ. ಮಳೆಗಾಲದಲ್ಲಿ ಮಡಚದೆ, ಗಾಳಿಯಾಡುವ ಕೋಣೆಯಲ್ಲಿ ಸೊಂಟದ ಭಾಗ ಮೇಲೆ ಬರುವಂತೆ ದಪ್ಪನೆಯ ಹ್ಯಾಂಗರಿಗೆ ತೂಗುಹಾಕುವುದು ಒಳ್ಳೆಯದು. ದೋಣಿಗೆ ತೊಡಿಸಿಯೇ ಬಿಟ್ಟರೆ ಇಲಿ, ಹಲ್ಲಿ ಒಳಗೆ ಹೋಗುವುದಿಲ್ಲವೆಂದು ಕೆಲವರು ಹಾಗೆಯೇ ಬಿಡುತ್ತಾರೆ. ತಿಂಗಳುಗಟ್ಟಲೆ ಹಿಗ್ಗಿ ನಿಂತ ಹುರಿ ತನ್ನ ಸೆಳೆತವನ್ನು ಕಳೆದುಕೊಳ್ಳುತ್ತದೆ. ಅದಕ್ಕೆಂದೇ ಅಗ್ಗದ ಬಟ್ಟೆಯ ಮುಚ್ಚಳಗಳು ಸಿಗುತ್ತವೆ, ದರ್ಜಿಯಿಂದಲೂ ಹೊಲಿಸಬಹುದು.

ಕೊಳ್ಳುವ ಮೊದಲು ಮಾರುವವರಿಗೆ ದೋಣಿಯ ಮಾದರಿ, ತಯಾರಾದ ವರ್ಷ, ಅಂಚಿನ ಮೂರೂ ಅಳತೆ, ಲೈಫ್ ಜಾಕೆಟ್ಟಿನ ಅಡಿಗೆ ಬರುವ ಎದೆಯ ಸುತ್ತಳತೆ ಇವಿಷ್ಟನ್ನು ಬರೆದು ಕಳುಹಿಸಿ, ಹೊಂದದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುವರೇ ಎಂಬುದನ್ನು ಬರಹದಲ್ಲಿಯೇ ಪಡೆದುಕೊಳ್ಳಬೇಕು. ಬಂದ ಕೂಡಲೇ ಚೀಟಿ ಕೀಳದೆ, ಒಣ ಅಂಗಳದಲ್ಲಿ ದೋಣಿಗೆ ತೊಡಿಸಿ, ಹಾಸಿನ ನಡುವೆ ಮುಷ್ಟಿಯಿಂದ ಬಲವಾಗಿ ಒತ್ತಿ, ಲೂಪನ್ನು ಎಡಗೈಯಿಂದಲೂ ಬಲಗೈಯಿಂದಲೂ ಬೇರೆ ಬೇರೆಯಾಗಿ ಎಳೆದು ನೋಡಬೇಕು. ಒತ್ತಿದಾಗ ಕಳಚಿದರೆ ಸಡಿಲ, ಒಂದು ಕೈಯಿಂದ ಎಳೆದಾಗ ಬಾರದಿದ್ದರೆ ಬಿಗಿ. ಎರಡರಲ್ಲಿ ಯಾವುದಾದರೂ ಒಂದೇ ಬದಲಿ ಅಳತೆ ಕೇಳುವುದಕ್ಕೆ ಸಾಕಾದ ಕಾರಣ.